ಕಣ್ಣಿಗೊಂದು ಟೇಕಡಿ

ಪುಣೆಗೆ ಬಂದ ಕನ್ನಡಿಗರು ಬೇಗ ಕಲಿಯುವ ಮರಾಠಿ ಪದಗಳಲ್ಲಿ ‘ಟೇಕಡಿ’ ಒಂದು. ಗುಡ್ಡ ಎಂದರ್ಥ. ಬೆಳಗಾದರೆ ಟೇಕಡಿ ಹತ್ತುವುದು ಈ ಊರಿನ ಹಳೆಯ ರೂಢಿ. ಆದರೆ ಹತ್ತುವವರಲ್ಲಿ ನಿವೃತ್ತರೇ ಹೆಚ್ಚು ಕಾಣುತ್ತಾರೆ. ದಿನಕ್ಕೆ ಹತ್ತು ತಾಸು ಲ್ಯಾಪ್‌ಟಾಪ್ ಮುಂದೆ ಕೂರುವ ನಮ್ಮಂಥವರಿಗೆ ಅದು ಇನ್ನೂ ಹೆಚ್ಚು ಬೇಕು.

ಹತ್ತಿರದ ಪರದೆ ನೋಡುವಾಗ ಕಣ್ಣೊಳಗಿನ ಸ್ನಾಯು ಬಿಗಿಯಾಗಿಯೇ ಇರುತ್ತದೆ. ರೆಪ್ಪೆ ಬಡಿಯುವುದು ಕಡಿಮೆಯಾಗಿ ಕಣ್ಣು ಒಣಗುತ್ತದೆ. 20 ನಿಮಿಷಕ್ಕೊಮ್ಮೆ 20 ಅಡಿ ದೂರವನ್ನು 20 ಸೆಕೆಂಡು ನೋಡಿ ಎಂದು ಕಣ್ಣಿನ ವೈದ್ಯರು ಹೇಳುವುದು ಅದಕ್ಕೇ. (ನಮ್ಮ ಫ್ಲ್ಯಾಟುಗಳಲ್ಲಿ ಅಷ್ಟು ದೂರ ಹೋಗುವ ಮೊದಲೇ ಗೋಡೆ ಎದುರಾಗುತ್ತದೆ!)

ದಣಿಯುವುದು ಕಣ್ಣು ಮಾತ್ರವಲ್ಲ. ರೇಚಲ್ ಮತ್ತು ಸ್ಟೀಫನ್ ಕಪ್ಲಾನ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ದಂಪತಿ 1989ರ ತಮ್ಮ ಪುಸ್ತಕದಲ್ಲಿ ಇದನ್ನು ವಿವರಿಸಿದ್ದಾರೆ. ಬಲವಂತವಾಗಿ ಒಂದೆಡೆ ಹಿಡಿದಿಟ್ಟ ಗಮನ ಸೋಲುತ್ತದೆ. ಅಲುಗುವ ಎಲೆ, ಸಾಗುವ ಮೋಡ ತಾವಾಗಿಯೇ ನಮ್ಮನ್ನು ಮೆಲ್ಲಗೆ ಸೆಳೆಯುತ್ತವೆ. ಸೋತ ಗಮನಕ್ಕೆ ಆಗ ಬಿಡುವು ಸಿಗುತ್ತದೆ. ರೀಲ್ಸ್ ಕೂಡ ಸೆಳೆಯುತ್ತವಲ್ಲ ಎನ್ನಬಹುದು. ಅವು ಸೆಳೆದ ಮೇಲೆ ಬಿಡುವುದಿಲ್ಲ, ವ್ಯತ್ಯಾಸ ಇರುವುದೇ ಅಲ್ಲಿ.

ಎಷ್ಟು ಹೊತ್ತು ಸಾಕು? ಇಂಗ್ಲೆಂಡಿನ ಸುಮಾರು 20,000 ಜನರ ಮಾಹಿತಿ ಇಟ್ಟುಕೊಂಡು 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ವಾರಕ್ಕೆ 120 ನಿಮಿಷವಾದರೂ ಹಸಿರಿನ ನಡುವೆ ಕಳೆದವರು ತಮ್ಮ ಆರೋಗ್ಯ, ನೆಮ್ಮದಿ ಚೆನ್ನಾಗಿದೆ ಎಂದು ಹೇಳಿದ್ದು ಹೆಚ್ಚು. ಒಂದೇ ಸಲ ಹೋದರೂ ಸರಿ, ಬಿಡಿಬಿಡಿಯಾಗಿ ಹೋದರೂ ಸರಿ. ಆರೋಗ್ಯವಂತರೇ ಹೆಚ್ಚು ಹೊರಗೆ ಹೋಗುತ್ತಾರೋ ಏನೋ, ಅದನ್ನು ಆ ಅಧ್ಯಯನ ಬಿಡಿಸಿಲ್ಲ. ಆದರೂ ಎರಡು ತಾಸು ಎಂದರೆ ಒಂದು ಸಿನಿಮಾದಷ್ಟೂ ಅಲ್ಲ.

ಮುಂಬಯಿಯವರಿಗೆ ಬೊರಿವಲಿಯ ರಾಷ್ಟ್ರೀಯ ಉದ್ಯಾನ, ಹೈದರಾಬಾದಿನವರಿಗೆ ಕೆಬಿಆರ್ ಪಾರ್ಕ್, ದೆಹಲಿಯವರಿಗೆ ರಿಡ್ಜ್ ಇದೆ. ನಮಗೆ ವೇತಾಳ ಟೇಕಡಿ. ವೇತಾಳ ಎಂದರೆ ನಮ್ಮ ಬೇತಾಳನೇ, ಮೇಲೆ ಅವನ ಗುಡಿಯಿದೆ. ಕೊತ್ರೂಡ್, ಪಾಷಾಣ್, ಲಾ ಕಾಲೇಜು ರಸ್ತೆ, ಯಾವ ಕಡೆಯಿಂದಲೂ ಹತ್ತಬಹುದು. ಹಳೆಯ ಕಲ್ಲುಕ್ವಾರಿಯ ಸುತ್ತ ನವಿಲಿನ ಕೂಗು ಕೇಳುತ್ತದೆ. ಅಂಚಿಗೆ ಬಂದು ನಿಂತರೆ ಕಣ್ಣು ಕಿಲೋಮೀಟರ್‌ಗಟ್ಟಲೆ ಓಡುತ್ತದೆ. ಅಲ್ಲಿಯೂ ಹೆಜ್ಜೆ ಎಣಿಸುವ ಆ್ಯಪ್ ನೋಡುತ್ತ ನಡೆಯುವವರಿದ್ದಾರೆ, ಅವರ ಪಾಡು ಅವರಿಗೆ.

ಈ ಗುಡ್ಡದ ಮೈಮೇಲೆ ಬಾಲಭಾರತಿಯಿಂದ ಪೌಡ್ ಫಾಟಾಕ್ಕೆ ರಸ್ತೆ ಮಾಡುವ ಯೋಜನೆ ಬಹಳ ಕಾಲದಿಂದಿದೆ. 2023ರಲ್ಲಿ ಸಾವಿರಾರು ಪುಣೇಕರರು ಅದರ ವಿರುದ್ಧ ಬೀದಿಗಿಳಿದರು. ಟ್ರಾಫಿಕ್ಕಿನಲ್ಲಿ ಬೇಯುವವರಿಗೆ ರಸ್ತೆ ಬೇಕೆನಿಸುವುದು ಸಹಜ. ನನ್ನ ಮತ ಮಾತ್ರ ಗುಡ್ಡಕ್ಕೆ.

ಹೋಗುವುದಾದರೆ ಬಿಸಿಲೇರುವ ಮುನ್ನ ಹೋಗಿ. ಬೇಸಿಗೆಯಲ್ಲಿ ಎಲೆ ಉದುರಿ ನೆರಳು ಕಡಿಮೆ, ನೀರು ಜೊತೆಗಿರಲಿ.