ಮಗುವಿನ ಮಾತು ಮತ್ತು ವಿಚಾರಶಕ್ತಿ

“ಗಂಡು ಮಗು, ತಡವಾಗಿಯೇ ಮಾತು ಬರುತ್ತದೆ, ಕಾಯೋಣ” ಎಂದು ಮನೆಯ ಹಿರಿಯರು ಹೇಳುವುದುಂಟು. ಆದರೆ ಮಾತು ಬರೀ ನಾಲಿಗೆಯ ಕೆಲಸವಲ್ಲ. ನೆನಪಿಡಲು, ಹೋಲಿಸಿ ನೋಡಲು, ಇನ್ನೊಬ್ಬರ ಮನಸ್ಸನ್ನು ಅರಿಯಲು ಮಗುವಿಗೆ ಭಾಷೆ ದೊಡ್ಡ ಸಾಧನ. ಆದ್ದರಿಂದ ಸುಮ್ಮನೆ ಕಾಯುವುದು ಸರಿಯಲ್ಲ.

ಕೂಡಿ ಬೆಳೆಯುವ ಬಗೆ

ಮಾತು ಬರುವ ಮೊದಲೇ ಮಗು ವಿಚಾರ ಮಾಡುತ್ತದೆ. ಬಟ್ಟೆಯಡಿ ಮುಚ್ಚಿಟ್ಟ ಆಟಿಕೆಯನ್ನು ಹುಡುಕುತ್ತದೆ. ಸುಮಾರು ಒಂದು ವರ್ಷಕ್ಕೆ ಮೊದಲ ಶಬ್ದಗಳು ಬರುತ್ತವೆ. ಆಗ ಎಲ್ಲ ಪ್ರಾಣಿಗಳನ್ನೂ “ಬೌ ಬೌ” ಎನ್ನುವ ಮಗು, “ಇದು ಆಕಳು, ಇದು ಆಡು” ಎಂದು ಕೇಳುತ್ತ ಕೇಳುತ್ತ ವ್ಯತ್ಯಾಸ ಗುರುತಿಸಲು ಕಲಿಯುತ್ತದೆ.

ಮೂರರಿಂದ ಐದು ವರ್ಷದ ಮಕ್ಕಳು ಆಡುವಾಗ “ಈಗ ಇದನ್ನ ಇಡಬೇಕು” ಎಂದು ತಮ್ಮಷ್ಟಕ್ಕೆ ಮಾತನಾಡಿಕೊಳ್ಳುತ್ತಾರೆ. ಇದು ಕಾಯಿಲೆಯಲ್ಲ. ಈ ಮಾತೇ ಮುಂದೆ ಒಳಗಿಳಿದು ಮೌನ ವಿಚಾರವಾಗುತ್ತದೆ ಎಂದು ರಷ್ಯಾದ ಮನೋವಿಜ್ಞಾನಿ ವೈಗೋಟ್‌ಸ್ಕಿ 1934ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿವರಿಸಿದ್ದಾರೆ. ಮಗುವನ್ನು ಗದರಿಸಬೇಡಿರಿ.

ಕಿವಿ ಕೇಳದಿದ್ದರೆ

ಕಿವುಡುತನವೆಂದರೆ ಬುದ್ಧಿಯ ಕೊರತೆಯಲ್ಲ. ಆದರೆ ಭಾಷೆ ತಡವಾಗಿ ದೊರೆತ ಮಕ್ಕಳಿಗೆ “ನನಗೆ ಗೊತ್ತಿರುವುದು ಅವನಿಗೆ ಗೊತ್ತಿಲ್ಲ” ಎಂಬ ಅರಿವೂ ತಡವಾಗಿ ಬರುತ್ತದೆ. ಕಿವುಡ ತಂದೆ-ತಾಯಿಯಿಂದ ಹುಟ್ಟಿನಿಂದಲೇ ಸಂಜ್ಞಾಭಾಷೆ ಕಲಿತ ಮಕ್ಕಳಲ್ಲಿ ಈ ವಿಳಂಬ ಕಾಣುವುದಿಲ್ಲ. ಮಗುವಿಗೆ ಬೇಕಾದದ್ದು ಭಾಷೆ; ಅದು ಬಾಯಿಂದ ಬರಲಿ, ಕೈಯಿಂದ ಬರಲಿ.

ಹುಟ್ಟಿದ ಒಂದು ತಿಂಗಳೊಳಗೆ ಶ್ರವಣ ತಪಾಸಣೆ, ಸಂದೇಹವಿದ್ದರೆ ಮೂರು ತಿಂಗಳೊಳಗೆ ಪೂರ್ಣ ಪರೀಕ್ಷೆ, ದೋಷವಿದ್ದರೆ ಆರು ತಿಂಗಳೊಳಗೆ ಚಿಕಿತ್ಸೆ ಆರಂಭವಾಗಬೇಕು.

ತಡಮಾಡದೆ ವೈದ್ಯರಿಗೆ ತೋರಿಸಿರಿ

1. ಒಂದು ವರ್ಷವಾದರೂ ಹೆಸರು ಕರೆದರೆ ತಿರುಗದಿದ್ದರೆ, ಬೆರಳು ಮಾಡಿ ತೋರಿಸದಿದ್ದರೆ.
2. ಒಂದೂವರೆ ವರ್ಷಕ್ಕೂ ಒಂದು ಶಬ್ದವೂ ಬಾರದಿದ್ದರೆ.
3. ಎರಡು ವರ್ಷಕ್ಕೆ “ಅಮ್ಮ ಬಾ”, “ಹಾಲು ಬೇಕು” ಎಂದು ಎರಡು ಶಬ್ದ ಕೂಡಿಸದಿದ್ದರೆ.
4. ಯಾವುದೇ ವಯಸ್ಸಿನಲ್ಲಿ ಬಂದ ಮಾತು ನಿಂತುಹೋದರೆ.

ಮೈಸೂರಿನಲ್ಲಿ 1965ರಲ್ಲಿ ಆರಂಭವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹ ಮಕ್ಕಳಿಗೆ ತಪಾಸಣೆ ಮತ್ತು ತರಬೇತಿ ದೊರೆಯುತ್ತದೆ.

ಮನೆಯಲ್ಲಿ ಮಾಡಬೇಕಾದದ್ದು

1. ಸ್ನಾನ, ಊಟ ಮಾಡಿಸುವಾಗ ಮಾಡುತ್ತಿರುವುದನ್ನೇ ಹೇಳುತ್ತ ಮಾತನಾಡಿಸಿರಿ. ಮಗು ಉತ್ತರಿಸಲು ತುಸು ಕಾಯಿರಿ.
2. ನಿಮ್ಮ ಮನೆಮಾತಿನಲ್ಲೇ ಮಾತನಾಡಿರಿ. ಮನೆಯಲ್ಲಿ ಎರಡು ಭಾಷೆ ಇದ್ದರೆ ಮಾತು ಕೆಡುವುದಿಲ್ಲ.
3. ಎರಡು ವರ್ಷದೊಳಗಿನ ಮಗುವಿನ ಕೈಗೆ ಮೊಬೈಲ್ ಕೊಟ್ಟು, ಟಿ.ವಿ. ಮುಂದೆ ಕೂರಿಸಿ ಊಟ ಮಾಡಿಸಬೇಡಿರಿ. ಅವು ಮಗುವಿನ ಮಾತಿಗೆ ಮರುಮಾತು ಕೊಡುವುದಿಲ್ಲ.
4. “ಯಾಕೆ?” ಎಂದು ಕೇಳಿದರೆ ಬೇಸರಿಸದೆ ಉತ್ತರ ಹೇಳಿರಿ.

ಇದಕ್ಕೆ ಹಣ ಬೇಕಿಲ್ಲ, ಓದು ಬರಹವೂ ಬೇಕಿಲ್ಲ. ಅಜ್ಜ ಅಜ್ಜಿಯರೂ ಮಾಡಬಹುದು.