ಪ್ಯೂರ್ ಡೇಟಾದ ಉಪಾಂಗಗಳು

ಮಿಲ್ಲರ್ ಪಕೆಟ್ ಅವರು 1990ರ ದಶಕದಲ್ಲಿ ರಚಿಸಿದ ಪ್ಯೂರ್ ಡೇಟಾ ಎಂಬ ಧ್ವನಿ-ತಂತ್ರಾಂಶವು ಅಂಗೈಯಗಲದ ರಾಸ್ಪ್‌ಬೆರಿ ಪೈ ಗಣಕದಲ್ಲಿಯೂ ಸುಲಲಿತವಾಗಿ ನಡೆಯುವುದಾದರೂ, ಅದರಲ್ಲಿ ಸಹಜವಾಗಿಲ್ಲದ ಸಾಮರ್ಥ್ಯಗಳನ್ನು ‘ಎಕ್ಸ್‌ಟರ್ನಲ್’ ಎಂಬ ಉಪಾಂಗಗಳಿಂದಲೇ ಪಡೆಯಬೇಕಾಗುತ್ತದೆ.

ಪೆಟ್ಟಿಗೆಗಳನ್ನು ಜೋಡಿಸಿ ರಚಿಸುವ ‘ಪ್ಯಾಚ್’ ಎಂಬ ಕಡತದಲ್ಲಿ ಅಂತಹ ಉಪಾಂಗದ ಹೆಸರನ್ನು ಪೆಟ್ಟಿಗೆಯೊಂದರಲ್ಲಿ ಬರೆದೊಡನೆ ಅದರ ಅಂಚು ತುಂಡುಗೆರೆಯಾಗಿ, ಕನ್ಸೋಲಿನಲ್ಲಿ ‘ಕುಡಂಟ್ ಕ್ರಿಯೇಟ್’ ಎಂಬ ಅಕ್ಷರಗಳು ಮೂಡಿದುವೆಂದರೆ, ಕಾರಣವು ಪ್ರಾಯಶಃ ಎರಡರಲ್ಲೊಂದು: ಉಪಾಂಗದ ಕಡತವಿರುವ ಸ್ಥಳವನ್ನು ತಂತ್ರಾಂಶವು ಅರಿಯದಿರುವುದು, ಇಲ್ಲವೆ ಆ ಕಡತವು ಅನ್ಯ ಜಾತಿಯ ಪ್ರೊಸೆಸರಿಗೆಂದು ಸಿದ್ಧಗೊಂಡಿರುವುದು.

ಇಂಟೆಲ್ ಗಣಕಕ್ಕೆಂದು ಕಂಪೈಲ್ ಮಾಡಿದ ಕಡತವು ಪೈಯ ಆರ್ಮ್ ಪ್ರೊಸೆಸರಿಗೆ ಒಗ್ಗದು. ಆರ್ಮ್‌ನಲ್ಲಿಯೂ 32 ಬಿಟ್ಟಿನದು 64 ಬಿಟ್ಟಿನ ತಂತ್ರಾಂಶದೊಳಗೆ ಪ್ರವೇಶಿಸಲಾರದು. ಇವೆಲ್ಲವುಗಳ ಹೆಸರೂ ‘.ಪಿಡಿ_ಲಿನಕ್ಸ್’ ಎಂದೇ ಕೊನೆಗೊಳ್ಳಬಹುದಾದ ಕಾರಣ ಹೊರನೋಟಕ್ಕೆ ಭೇದವು ತೋರದು. ಟರ್ಮಿನಲ್ಲಿನ ‘ಫೈಲ್’ ಎಂಬ ಆಜ್ಞೆಯು ಅದನ್ನು ಬಯಲುಮಾಡುತ್ತದೆ.

ಆದುದರಿಂದ ಪ್ಯೂರ್ ಡೇಟಾದ ಮೆನುವಿನ ‘ಫೈಂಡ್ ಎಕ್ಸ್‌ಟರ್ನಲ್ಸ್’ ಮೂಲಕ ತಕ್ಕ ಆವೃತ್ತಿಯನ್ನು ಇಳಿಸಿಕೊಂಡು, ಪ್ಯಾಚಿನಲ್ಲಿ ‘ಡಿಕ್ಲೇರ್’ ಪೆಟ್ಟಿಗೆಯನ್ನಿರಿಸಿ, ಹಲವು ಘಟಕಗಳು ಒಂದೇ ಕಡತದಲ್ಲಿ ಅಡಕವಾಗಿದ್ದರೆ ‘-ಲಿಬ್’ ಎಂದೂ, ಒಂದೊಂದಕ್ಕೆ ಒಂದೊಂದು ಕಡತವಿರುವ ಫೋಲ್ಡರಾದರೆ ‘-ಪಾತ್’ ಎಂದೂ ಹೆಸರಿನೊಡನೆ ಸೂಚಿಸಿ, ಪ್ಯಾಚನ್ನು ಸೇವ್ ಮಾಡಿ ಪುನಃ ತೆರೆಯತಕ್ಕದ್ದು. ಆಗ ಉಪಾಂಗದ ಪೆಟ್ಟಿಗೆಯ ಅಂಚು ಅಖಂಡ ರೇಖೆಯಾದರೆ ಉಪಾಂಗವು ಸೇರಿಕೊಂಡಿತೆಂದೇ ಅರ್ಥ.