ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋ: ದೂರ ಒಂದು, ದಾರಿ ಹಲವು

ಇಂದಿರಾನಗರ, ಹಲಸೂರು, ಕೆ.ಆರ್. ಪುರದ ಎಷ್ಟೋ ಮನೆಗಳ ಮಕ್ಕಳು ಕ್ಯಾಲಿಫೋರ್ನಿಯಾದಲ್ಲಿದ್ದಾರೆ. ಅವರನ್ನು ನೋಡಲು ಹೊರಟ ಹಿರಿಯರು ವಿಮಾನ ಪೂರ್ವಕ್ಕೆ ಹೋಗುತ್ತದೋ ಪಶ್ಚಿಮಕ್ಕೋ ಎಂದು ಕೇಳುವುದುಂಟು. ನಿಜವಾಗಿ ಅತಿ ಹತ್ತಿರದ ದಾರಿ ಹೊರಡುವುದು ಉತ್ತರಕ್ಕೆ!

ಬೆಂಗಳೂರು ಪೂರ್ವ ರೇಖಾಂಶ 77.6 ಡಿಗ್ರಿಯಲ್ಲಿದೆ, ಸ್ಯಾನ್ ಫ್ರಾನ್ಸಿಸ್ಕೋ ಪಶ್ಚಿಮ ರೇಖಾಂಶ 122.4ರಲ್ಲಿ. ಎರಡೂ ಭೂಮಿಯ ಹೆಚ್ಚುಕಡಿಮೆ ಎದುರುಬದುರು ಮಗ್ಗುಲಲ್ಲಿವೆ. ಗೋಡೆಯ ನಕಾಶೆಯ ಮೇಲೆ ಪೂರ್ವಕ್ಕೆ ನೇರ ಗೆರೆ ಎಳೆದು ಅದೇ ಜಾಡಿನಲ್ಲಿ ಹಾರಿದರೆ ಸುಮಾರು 16,100 ಕಿ.ಮೀ. ಆಗುತ್ತದೆ. ಗ್ಲೋಬಿನ ಮೇಲೆ ನೂಲು ಬಿಗಿಹಿಡಿದು ಅಳೆದರೆ ಸುಮಾರು 14,000 ಕಿ.ಮೀ. ಮಾತ್ರ. ಆ ನೂಲು ಸೈಬೀರಿಯಾವನ್ನು ಹಾದುಹೋಗುತ್ತದೆ. ಇನ್ನೂ ಸೋಜಿಗವೆಂದರೆ, ಸರಿಯಾಗಿ ಉತ್ತರ ಧ್ರುವದ ನೆತ್ತಿಯ ಮೇಲೆ ಹೋದರೂ 400 ಕಿ.ಮೀ.ನಷ್ಟೇ ಹೆಚ್ಚು.

2021ರ ಜನವರಿಯಲ್ಲಿ ಏರ್ ಇಂಡಿಯಾ ಈ ಎರಡು ನಗರಗಳ ನಡುವೆ ತಡೆರಹಿತ ಹಾರಾಟ ಶುರುಮಾಡಿದಾಗ ಆದದ್ದು ಅದೇ. ಕ್ಯಾಪ್ಟನ್ ಜೋಯಾ ಅಗರ್ವಾಲ್ ನೇತೃತ್ವದಲ್ಲಿ ಮಹಿಳಾ ಪೈಲಟ್‌ಗಳೇ ನಡೆಸಿದ ಬೋಯಿಂಗ್ 777 ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು, ಧ್ರುವದ ಮೇಲೆ ಹಾದು, ಸುಮಾರು 17 ಗಂಟೆಗಳಲ್ಲಿ, ಜನವರಿ 11ರ ನಸುಕಿನಲ್ಲಿ ಬೆಂಗಳೂರಿನ ದೇವನಹಳ್ಳಿ ವಿಮಾನ ನಿಲ್ದಾಣದಲ್ಲಿ ಇಳಿಯಿತು. ನಮ್ಮೂರಿನ ವಿಮಾನಯಾನದ ಚರಿತ್ರೆಯಲ್ಲಿ ಅದು ದೊಡ್ಡ ದಿನ.

ಅಲ್ಲಿಂದ ಬರುವಾಗ ಧ್ರುವದ ದಾರಿ ಹಿಡಿಯಲು ಗಾಳಿಯೂ ಕಾರಣ. ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿಹೊಳೆ ಹರಿಯುತ್ತದೆ; ಅದರ ವೇಗ ಗಂಟೆಗೆ 200 ಕಿ.ಮೀ. ಮೀರುವುದೂ ಉಂಟು. ಎದುರು ಬಂದರೆ ಅದು ಗಂಟೆಗಟ್ಟಲೆ ಸಮಯ ತಿನ್ನುತ್ತದೆ, ಬೆನ್ನಿಗೆ ಬಂದರೆ ಉಳಿಸುತ್ತದೆ. ಹೀಗಾಗಿ ಬೆಂಗಳೂರಿನಿಂದ ಹೋಗುವಾಗ ಪೆಸಿಫಿಕ್ ಸಾಗರದ ಉದ್ದದ ದಾರಿಯೇ ಲಾಭವಾಗಬಹುದು. ದೂರ ಹೆಚ್ಚು, ಸಮಯ ಕಡಿಮೆ.

ಬೆಂಗಳೂರಿಗೆ ಇನ್ನೊಂದು ಕಷ್ಟವಿದೆ. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದ ಈ ಊರಿನ ಗಾಳಿ ಕರಾವಳಿಯದಕ್ಕಿಂತ ಶೇ. 8ರಷ್ಟು ತೆಳು. ರೆಕ್ಕೆಗೂ ಎಂಜಿನ್ನಿಗೂ ಅದು ಸಾಲದು; ಇಂಧನ ತುಂಬಿಕೊಂಡ ವಿಮಾನ ಮೇಲೇಳಲು ಹೆಚ್ಚು ದೂರ ಓಡಬೇಕು. ದೇವನಹಳ್ಳಿಯ 4,000 ಮೀಟರ್ ರನ್‌ವೇ ಇಲ್ಲಿ ನೆರವಾಗುತ್ತದೆ.

ಟಿಕೆಟ್ ನೋಡುವಾಗ ಗಡಿಯಾರವನ್ನು ನಂಬಬೇಡಿ. ಚಳಿಗಾಲದಲ್ಲಿ ಕ್ಯಾಲಿಫೋರ್ನಿಯಾ ನಮಗಿಂತ ಹದಿಮೂರೂವರೆ ಗಂಟೆ ಹಿಂದೆ, ಬೇಸಿಗೆಯಲ್ಲಿ ಹನ್ನೆರಡೂವರೆ. ರಾತ್ರಿ ಹೊರಟವರು ಅದೇ ರಾತ್ರಿ ಇಳಿದಂತೆ ಕಾಣಬಹುದು.

ನೆಲದ ಮೇಲಿನ ಹೊತ್ತೂ ಪ್ರಯಾಣದ ಹೊತ್ತೇ. 2008ರ ಮೇ ತಿಂಗಳವರೆಗೆ ಪ್ರಯಾಣಿಕ ವಿಮಾನಗಳು ಇಂದಿರಾನಗರದ ಪಕ್ಕದ ಎಚ್‌ಎಎಲ್ ವಿಮಾನ ನಿಲ್ದಾಣದಿಂದಲೇ ಹೊರಡುತ್ತಿದ್ದವು. ಈಗ ಕೆ.ಆರ್. ಪುರದಿಂದ ನಾಗವಾರ, ಹೆಬ್ಬಾಳದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೋ ಮಾರ್ಗಕ್ಕೆ 2021ರಲ್ಲಿ ಕೇಂದ್ರದ ಒಪ್ಪಿಗೆ ಸಿಕ್ಕಿದೆ. ಈ ಭಾಗದ ಪ್ರಯಾಣಿಕರ ಸಮಯ ಉಳಿಸಲು ವೇಗದ ವಿಮಾನಕ್ಕಿಂತ ಮೊದಲು ಬೇಕಾದದ್ದು ಆ ರೈಲು.